ಮೇಣದಬತ್ತಿ ಪರೀಕ್ಷೆ

ಡಿಸೆಂಬರ್ 11
ಬೆಟ್ಟದ ಮೇಲಿನ ಹೋಟೆಲಿನಿಂದ

ಯಜಮಾನಿಯವರಿಗೆ,

ಬಂದು ತಲುಪಿದೆ. ಕೈಕಾಲು ಎಲ್ಲ ಇದ್ದ ಜಾಗದಲ್ಲೇ ಇವೆ. ಬೆಟ್ಟದ ಬುಡದ ತನಕ ಲಾರಿ, ಅಲ್ಲಿಂದ ಮೇಲಕ್ಕೆ ಕಾಲುದಾರಿ. ಸಾಮಾನಿಗೆ ಮಾತ್ರ ರಾಜಮರ್ಯಾದೆ: ಉಕ್ಕಿನ ಹಗ್ಗದ ಮೇಲೆ ಓಡುವ ಕಬ್ಬಿಣದ ತೊಟ್ಟಿಯೊಂದು ಗಾಜು, ಸಿಮೆಂಟು, ಅಕ್ಕಿ, ಅಂಚೆ ಚೀಲ ಎಲ್ಲವನ್ನೂ ಹೊತ್ತು ತರುತ್ತದೆ. ಇಲ್ಲಿಯವರು ಅದನ್ನು ತೊಟ್ಟಿಲು ಅನ್ನುತ್ತಾರೆ. ನನ್ನ ಕಾಲು ಸೋತು, ಅದರಲ್ಲಿ ಕೂತುಕೊಳ್ಳಲೇ ಎಂದು ಕೇಳಿದ್ದಕ್ಕೆ ಮೇಸ್ತ್ರಿ ನಕ್ಕುಬಿಟ್ಟ. ಜೀವ ಇರುವ ಯಾವುದನ್ನೂ ಅದರಲ್ಲಿ ಹತ್ತಿಸುವಂತಿಲ್ಲವಂತೆ, ಕೋಳಿಯನ್ನೂ ಕೂಡ.

ಹೋಟೆಲು ಅಂತ ಹೆಸರಿಗೆ. ಸದ್ಯಕ್ಕೆ ಇರುವುದು ಗೋಡೆಗಳು, ಗೋಡೆಗಳಲ್ಲಿ ತೂತುಗಳು. ಆ ತೂತುಗಳಿಗೆಲ್ಲ ಕಿಟಕಿ ಕೂರಿಸುವುದು ನನ್ನ ಪಾಲು. ಜನವರಿ ಮೊದಲ ವಾರ ಮುಗಿಸಲೇಬೇಕು. ನಡುವೆ ಬಿಟ್ಟು ಇಳಿದವನನ್ನು ಮುಂದಿನ ಕಟ್ಟಡಕ್ಕೆ ಕರೆಯುವುದಿಲ್ಲ ಎಂದು ಮೇಸ್ತ್ರಿ ಕೈ ಕುಲುಕುವ ಮುಂಚೆಯೇ ಹೇಳಿದ. ಇಲ್ಲಿ ಫೋನಿಲ್ಲ. ತೊಟ್ಟಿಲು ಓಡಿದ ದಿನ ಕಾಗದ ಹೋಗುತ್ತದೆ, ಬರುತ್ತದೆ. ಅಲ್ಲಿ ನಿನಗೂ ಇಲ್ಲ, ಮೂಲೆ ಮನೆಯ ಬೇಕರಿಯವರದ್ದು ಬಿಟ್ಟರೆ. ಹಾಗಾಗಿ ನಿನ್ನ ಕೈಬರಹದ ಮೇಲೇ ಈ ಒಂದು ತಿಂಗಳು ನಾನು ಬದುಕಬೇಕು. ದಯವಿಟ್ಟು ಅಕ್ಷರ ದೊಡ್ಡದಾಗಿರಲಿ.

ಚಳಿ ಹೇಗಿದೆ ಎಂದು ಕೇಳಬೇಡ. ಬಣ್ಣ ಬಳಿಯುವ ಹುಡುಗನೊಬ್ಬ ಜೊತೆ ಸಿಕ್ಕಿದ್ದಾನೆ. ಬಾಯಿ ಮುಚ್ಚಿದ್ದೇ ಇಲ್ಲ, ಸದಾ ಹಾಡು, ಅದೂ ಒಂದೇ ಸಾಲು. ಆದರೆ ಅವನು ಹತ್ತಿರ ಇದ್ದರೆ ಚಳಿ ಸ್ವಲ್ಪ ಕಮ್ಮಿ ಅನ್ನಿಸುತ್ತದೆ.

ನನಗೆ ನೆಮ್ಮದಿ ಇರುವುದು ನಮ್ಮ ಮನೆಯ ವಿಷಯದಲ್ಲಿ. ಹೊರಡುವ ಮುಂಚೆ ಕೂತು ಎರಡೂ ಕಿಟಕಿಗಳ ಸಂದಿಗೆ ಹಳೆ ಕಂಬಳಿ ಪಟ್ಟಿ ತುಂಬಿ, ಮೇಲೆ ಪುಟ್ಟಿ ಹಚ್ಚಿ, ಮೊಳೆ ಹೊಡೆದು ಬಂದೆನಲ್ಲ, ಅಂಥ ಕೆಲಸ ಈ ಹೋಟೆಲಿನವರಿಗೂ ನಾನು ಮಾಡಿಕೊಡುತ್ತಿಲ್ಲ. ಇರುವೆಯ ಉಸಿರೂ ಒಳಗೆ ಬರಲಾರದು. ದೊಡ್ಡವನಿಗೆ ಇನ್ಸ್‌ಪೆಕ್ಟರ್ ಕೆಲಸ ಕೊಟ್ಟು ಬಂದಿದ್ದೇನೆ: ವಾರಕ್ಕೊಮ್ಮೆ ಮೇಣದಬತ್ತಿ ಹಚ್ಚಿಕೊಂಡು ಕಿಟಕಿಯ ಸುತ್ತ ಹಿಡಿದು ನೋಡಬೇಕು. ಜ್ವಾಲೆ ಅಲುಗಿದರೆ ಎಲ್ಲೋ ಸಂದಿಯಿದೆ, ಅಲುಗದಿದ್ದರೆ ಕಿಟಕಿ ಪಾಸು. ಚಿಕ್ಕವನು, ನಮ್ಮ ಬಟಾಣಿ, ಅವನ ಸಹಾಯಕ. ಐದು ವರ್ಷದವನ ಕೈಗೆ ಬತ್ತಿ ಮಾತ್ರ ಕೊಡಬೇಡ.

ರಜೆ ಶುರುವಾದರೆ ಇಬ್ಬರೂ ನಿನ್ನ ತಲೆ ಮೇಲೆ ಕೂರುತ್ತಾರೆ. ಇಳಿಸಲು ನಾನಿಲ್ಲ. ತಾಳ್ಮೆ ಇರಲಿ.

ನಿನ್ನವನು

—

ಡಿಸೆಂಬರ್ 17
ಮನೆಯಿಂದ

ರೀ,

ತಾಳ್ಮೆ ನೀವು ಕಾಗದದಲ್ಲಿ ಕಳಿಸಿದ್ದು ಸಾಲಲಿಲ್ಲ. ಇನ್ನೊಂದು ಮೂಟೆ ತೊಟ್ಟಿಲಲ್ಲಿ ಇಳಿಸಿ.

ಶಾಲೆ ಮುಚ್ಚಿ ಎರಡೇ ದಿನ ಆಯಿತು, ಮನೆ ರಣರಂಗ. ಬೆಳಿಗ್ಗೆ ಹಾಸಿಗೆ ಹಡಗು, ಮಧ್ಯಾಹ್ನ ನನ್ನ ಹೊಲಿಗೆ ಯಂತ್ರ ರೈಲಿನ ಇಂಜಿನ್ನು, ಸಂಜೆ ನಾನೇ ಕಳ್ಳಿ, ಅವರಿಬ್ಬರೂ ಪೊಲೀಸರು. ಶಾಲೆಯವರು ಸಮವಸ್ತ್ರ ಹೊಲಿಯಲು ಕೊಟ್ಟಿದ್ದಾರೆ, ರಜೆ ಮುಗಿಯುವಷ್ಟರಲ್ಲಿ ಒಪ್ಪಿಸಬೇಕು. ತೋಳು ಕತ್ತರಿಸಿಟ್ಟರೆ ಬಟಾಣಿ ಅದನ್ನು ತಲೆಗೆ ಹಾಕಿಕೊಂಡು ಓಡುತ್ತಾನೆ. ಗದರಿದರೆ ನಗುತ್ತಾನೆ. ಆ ನಗು ನಿಮ್ಮದೇ, ನನ್ನ ತವರಿನವರ್ಯಾರೂ ಹಾಗೆ ನಾಚಿಕೆ ಬಿಟ್ಟು ನಗುವುದಿಲ್ಲ.

ಮೇಣದಬತ್ತಿ ಪರೀಕ್ಷೆ ಆಯಿತು. ಇನ್ಸ್‌ಪೆಕ್ಟರು ನಿಮ್ಮ ಹಳೆ ಟೋಪಿ ಹಾಕಿಕೊಂಡು ಬಂದರು. ದೊಡ್ಡ ಕಿಟಕಿ ಪಾಸು. ಗಲ್ಲಿ ಕಡೆಯ ಸಣ್ಣ ಕಿಟಕಿಯ ಕೆಳಮೂಲೆಯಲ್ಲಿ ಜ್ವಾಲೆ ಕುಣಿಯಿತು. ಬಗ್ಗಿ ನೋಡಿದರೆ ಅಲ್ಲಿ ಕಂಬಳಿ ಪಟ್ಟಿಯೇ ಇಲ್ಲ, ಬೆರಳು ಹೋಗುವಷ್ಟು ತೂತು. ಅದರಲ್ಲೊಂದು ದಾರ. ದಾರದ ಈ ತುದಿಗೆ ಬೆಂಕಿಪೊಟ್ಟಣ, ಆ ತುದಿ ಗಲ್ಲಿ ದಾಟಿ ಎದುರು ಮನೆಯ ಹುಡುಗನ ಕಿಟಕಿಗೆ. ಫೋನಂತೆ! ಮನೆಯಲ್ಲಿ ಫೋನಿಲ್ಲ ಎಂದು ನೀವು ಕೊರಗುತ್ತೀರಿ, ನಿಮ್ಮ ಮಗ ಎಳೆಸಿಬಿಟ್ಟಿದ್ದಾನೆ. ಕಿತ್ತ ಪಟ್ಟಿ ಏನಾಯಿತು ಎಂದರೆ ಸುತ್ತಿ ಚೆಂಡು ಮಾಡಿದ್ದಾರೆ. ಇನ್ಸ್‌ಪೆಕ್ಟರೇ ಕಳ್ಳ ಎಂದು ನಾನು ಕಿವಿ ಹಿಂಡಿದೆ. ಈಗ ಏನು ಮಾಡಲಿ ಹೇಳಿ. ತೂತಿನಿಂದ ಗಾಳಿ ನೇರ ಅವನ ಹಾಸಿಗೆಗೇ ಹೊಡೆಯುತ್ತದೆ, ಆದರೆ ಅವನಿಗೆ ಅದರ ಪರಿವೆಯೇ ಇಲ್ಲ. ರಾತ್ರಿ ಪೊಟ್ಟಣ ಕಿವಿಗೆ ಹಿಡಿದೇ ಮಲಗುತ್ತಾನೆ.

ಓನರಮ್ಮ ರಜೆಗೆ ಮಗಳ ಮನೆಗೆ ಹೋದಳು. ಹೋಗುವ ಮುಂಚೆ ಮನೆಯ ಮಾಡಿನ ಹೆಂಚು ರಿಪೇರಿ ಮಾಡಿಸಿದಳು. ಮೂರು ದಿನ ತಲೆಯ ಮೇಲೆ ಸುತ್ತಿಗೆ. ಒಲೆಯ ಕೊಳವೆಯೊಳಗೂ ಏನೇನೋ ಉದುರಿತು. ಈಗ ಎಲ್ಲ ಸರಿಹೋಗಿದೆ, ನೀವು ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಕೆಲಸದ ಕಡೆ ಗಮನ ಇರಲಿ.

ನಿಮ್ಮವಳು

—

ಡಿಸೆಂಬರ್ 20
ಬೆಟ್ಟದಿಂದ

ಯಜಮಾನಿಯವರೇ,

ನಿನ್ನ ಕಾಗದ ಓದಿ ಬಣ್ಣದವನಿಗೂ ಓದಿ ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನನಗೆ ಕೋಪ ಬಂತು. ಇಡೀ ಮನೆ ಬಿಗಿ ಮಾಡಿ ಒಂದು ಬೆರಳಷ್ಟು ತೂತು ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಚಳಿಗೆ ಅಷ್ಟು ದಾರಿ ಸಾಕು. ನೆಗಡಿ ಎದೆಗಿಳಿದರೆ ರಜೆಯೆಲ್ಲ ಕೆಮ್ಮಿನಲ್ಲೇ ಕಳೆಯುತ್ತದೆ. ಇವತ್ತೇ ಮುಚ್ಚು. ನಿನ್ನ ಬಟ್ಟೆ ತುಂಡುಗಳನ್ನು ಒತ್ತಾಗಿ ಮಡಿಸಿ, ಚಮಚದ ಹಿಂಭಾಗದಿಂದ ಒತ್ತಿ ತುರುಕು. ಪುಟ್ಟಿ ಡಬ್ಬಿ ಮಂಚದ ಕೆಳಗಿದೆ. ಒಣಗಿದ್ದರೆ ಅಂಗೈಯಲ್ಲಿ ಎಣ್ಣೆ ಹಾಕಿ ಕಲಸು. ಬಾಗಿಲ ಬುಡಕ್ಕೂ ಒಂದು ಬಟ್ಟೆ ಸುರುಳಿ ಇಡು. ದೊಡ್ಡವನಿಗೆ ನಾನು ಹೇಳಿದೆನೆಂದು ಹೇಳು: ಅಪ್ಪನ ಕೆಲಸದಲ್ಲಿ ತೂತು ಕೊರೆದರೆ ಬಂದ ಮೇಲೆ ವಿಚಾರಣೆ ಇದೆ, ಬೆನ್ನ ಮೇಲೆ ತೀರ್ಪು.

ಬಣ್ಣದವನು ನನ್ನ ಕೆಲಸ ನೋಡಿ ಹಟ ಹಿಡಿದ. ಅವನು ಒಬ್ಬನೇ ಒಂದು ತಗಡಿನ ಕೋಣೆಯಲ್ಲಿ ಮಲಗುತ್ತಾನೆ, ರಾತ್ರಿಯೆಲ್ಲ ಗಡಗಡ. ‘ಅಣ್ಣ, ನನಗೂ ನಿಮ್ಮ ಮನೆ ಥರ ಮಾಡ್ಕೊಡಿ’ ಅಂದ. ನಿನ್ನೆ ಕೂತು ಅವನ ಕೋಣೆಯ ಸಂದಿಗಳನ್ನೆಲ್ಲ ಮುಚ್ಚಿಕೊಟ್ಟೆ. ಮೇಣದಬತ್ತಿ ಹಿಡಿದು ತೋರಿಸಿದೆ. ಜ್ವಾಲೆ ಕಲ್ಲಿನ ಹಾಗೆ ನಿಂತಿತು. ಖುಷಿಯಿಂದ ಆ ಒಂದು ಸಾಲನ್ನು ಮತ್ತೆ ಹಾಡಿದ. ಹಾಡು ಹೊರಗೆ ಕೇಳಿಸಲಿಲ್ಲ, ಅಷ್ಟು ಬಿಗಿ.

ನಿನ್ನವನು

—

ಡಿಸೆಂಬರ್ 24
ಮನೆಯಿಂದ

ರೀ,

ನಿಮ್ಮ ಆಜ್ಞೆ ಪಾಲಿಸಿದೆ. ಚಮಚ ಬಗ್ಗಿತು, ತೂತು ಮುಚ್ಚಿತು. ಇನ್ಸ್‌ಪೆಕ್ಟರು ದಾರ ಹಿಡಿದುಕೊಂಡು ಬಿಡಲೇ ಇಲ್ಲ. ‘ಅವನು ಕರೆದ್ರೆ ನಾನು ಎತ್ತಬೇಕಲ್ವಾ’ ಎಂದು ಒಂದೇ ಅಳು. ಕೊನೆಗೆ ನನ್ನ ಕೈ ಎದ್ದೇಬಿಟ್ಟಿತು. ಬೆನ್ನಿಗೆ ಬಿದ್ದದ್ದು ಒಂದೇ ಏಟು, ಆದರೆ ಅವನು ಅದನ್ನು ಮರೆಯುವ ಜಾತಿಯಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದ. ನಿನ್ನೆ ತಾನಾಗೇ ಬತ್ತಿ ಹಚ್ಚಿಕೊಂಡು ಆ ಮೂಲೆಯನ್ನು ಪರೀಕ್ಷೆ ಮಾಡಿದ. ನನ್ನನ್ನು ಹತ್ತಿರ ಬಿಡಲಿಲ್ಲ. ಅಂಗೈ ಅಡ್ಡ ಹಿಡಿದು, ಕಣ್ಣು ಸಣ್ಣ ಮಾಡಿ, ಥೇಟ್ ನಿಮ್ಮ ಹಾಗೆ. ಜ್ವಾಲೆ ಅಲುಗಲಿಲ್ಲ. ‘ಪಾಸು’ ಅಂದ. ಸಿಟ್ಟು ಇಳಿಯಿತಲ್ಲ ಎಂದು ನನಗೂ ಸಮಾಧಾನ.

ಮಕ್ಕಳು ಎಷ್ಟು ಒಳ್ಳೆಯವರಾಗಿದ್ದಾರೆಂದರೆ ನೀವು ನಂಬುವುದಿಲ್ಲ. ಬೆಳಿಗ್ಗೆ ಎಬ್ಬಿಸದೆ ಏಳುವುದಿಲ್ಲ. ಎಬ್ಬಿಸಿದರೂ ಹಡಗೂ ಇಲ್ಲ, ರೈಲೂ ಇಲ್ಲ, ಹಾಸಿಗೆಯಲ್ಲೇ ಉರುಳಿಕೊಂಡಿರುತ್ತಾರೆ. ಬಟಾಣಿಯ ಕೆನ್ನೆ ಕೆಂಪಗೆ ಮಿರಮಿರ ಮಿಂಚುತ್ತದೆ. ಎದುರು ಮನೆಯವಳು ಏನು ತಿನ್ನಿಸುತ್ತೀಯೇ ಎಂದು ಕೇಳಿದಳು. ನಿಜ ಹೇಳಬೇಕೆಂದರೆ ಅವನು ತಿನ್ನುವುದು ಕಮ್ಮಿ, ಎರಡು ಸಲ ವಾಂತಿಯನ್ನೂ ಮಾಡಿದ. ಬೇಕರಿಯವರು ಮಕ್ಕಳಿಗೆಂದು ಸಿಹಿ ಬನ್ನು ಕೊಟ್ಟಿದ್ದರು, ಅದೇ ಹೆಚ್ಚಾಗಿರಬೇಕು.

ನನಗೂ ಬೆಳಿಗ್ಗೆ ತಲೆ ಸಿಡಿಯುತ್ತದೆ. ಕನ್ನಡಕ ಬೇಕೇನೋ. ಮೊನ್ನೆ ಅಂಗಿಯ ತೋಳನ್ನು ಕುತ್ತಿಗೆಗೆ ಹೊಲಿದುಬಿಟ್ಟೆ! ನಾನು! ಮದುವೆಯಾದಾಗಿನಿಂದ ಒಂದು ಹೊಲಿಗೆ ಸೊಟ್ಟ ಹಾಕಿದವಳಲ್ಲ. ಬಿಚ್ಚಲು ಕೂತರೆ ದಾರ ಕಾಣಿಸಲಿಲ್ಲ. ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿ ಬಂದ ಮೇಲೆ ತಲೆ ತಿಳಿಯಾಯಿತು. ಇಬ್ಬರೂ ಅಲ್ಲಿ ಹುಚ್ಚುಕುದುರೆಗಳ ಹಾಗೆ ಓಡಿದರು. ಮನೆಗೆ ಬಂದರೆ ಮತ್ತೆ ಅದೇ ಜೋಂಪು.

ನೀವಿಲ್ಲದ್ದಕ್ಕೆ ಹೀಗೆ ಎಂದು ನಾನಂದುಕೊಂಡಿದ್ದೇನೆ. ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ, ಒಳಗೊಳಗೇ ಸೊರಗುತ್ತಾರೆ. ನಾನೂ ಹೇಳುವುದಿಲ್ಲ ಬಿಡಿ.

ಬಣ್ಣದವನ ಹಾಡು ಯಾವುದು? ಬಟಾಣಿ ಕೇಳುತ್ತಿದ್ದಾನೆ.

ನಿಮ್ಮವಳು

—

ಡಿಸೆಂಬರ್ 27
ಬೆಟ್ಟದಿಂದ

ನಿನ್ನ ಕಾಗದ ಬಂತು.

ಇಲ್ಲಿ ಹಿಮ ಬೀಳಲು ಶುರುವಾಗಿದೆ. ಕಾಲುದಾರಿ ಮುಚ್ಚಿಹೋಗಿದೆ. ಕೆಲಸ ನಿಧಾನ. ಬಣ್ಣದವನು ಕೆಳಗೆ ಹೋದ. ದಾರಿ ಇಲ್ಲದ್ದರಿಂದ ತೊಟ್ಟಿಲಲ್ಲೇ ಇಳಿಸಿದೆವು. ಅವನ ಹಾಡು ಯಾವುದೆಂದು ನಾನು ಕೇಳಿಕೊಳ್ಳಲಿಲ್ಲ. ಬಟಾಣಿಗೆ ಏನಾದರೂ ಹೇಳು.

ಒಂದು ಮಾತು. ನಮ್ಮ ಒಲೆಯ ಕೊಳವೆ ಹೊಗೆಯನ್ನು ಚೆನ್ನಾಗಿ ಎಳೆಯುತ್ತಿದೆಯೇ? ಮಾಡು ರಿಪೇರಿಯಲ್ಲಿ ಏನೋ ಉದುರಿತು ಎಂದಿದ್ದೆ. ಸೌದೆ ಹಾಕಿದಾಗ ಹೊಗೆ ಕೋಣೆಗೆ ತಿರುಗುವುದಿಲ್ಲ ತಾನೇ? ಸುಮ್ಮನೆ ಕೇಳಿದೆ. ಬೆಳಿಗ್ಗೆ ಎದ್ದ ಕೂಡಲೇ ಬಾಗಿಲು ತೆಗೆದು ಸ್ವಲ್ಪ ಹೊತ್ತು ಹಾಗೇ ಬಿಡು. ಸಾಧ್ಯವಾದರೆ ಒಂದು ಕಿಟಕಿಯ ಮೊಳೆ ಕಿತ್ತುಬಿಡು. ಚಳಿಯಾದರೂ ಪರವಾಗಿಲ್ಲ.

ತಲೆನೋವಿಗೆ ಡಾಕ್ಟರ ಹತ್ತಿರ ಹೋಗು. ಮಕ್ಕಳನ್ನು ದಿನಾ ಹೊರಗೆ ಕರೆದುಕೊಂಡು ಹೋಗು. ಹೆಚ್ಚು ಬರೆಯಲು ಕೈ ಬರುತ್ತಿಲ್ಲ.

ನಿನ್ನವನು

—

ಡಿಸೆಂಬರ್ 30
ಮನೆಯಿಂದ

ರೀ,

ನಿಮಗೆ ಏನಾಗಿದೆ? ಹೋದ ವಾರ ಚಮಚದಲ್ಲಿ ತುರುಕು, ಬಾಗಿಲ ಬುಡಕ್ಕೂ ಸುರುಳಿ ಇಡು. ಈ ವಾರ ಮೊಳೆ ಕಿತ್ತುಬಿಡು. ನಾನು ಮನುಷ್ಯಳೋ ಅಥವಾ ನಿಮ್ಮ ಕೈಯಲ್ಲಿರುವ ಕೀಸುಳಿಯೋ? ನೀವು ಹೊಡೆದ ಮೊಳೆ ಕೀಳಲು ನನ್ನಿಂದ ಆಗುವುದಿಲ್ಲ. ತಲೆ ಒಳಗೇ ಹೂತಿದೆ, ಮೇಲೆ ಪುಟ್ಟಿ. ನೋಡೋಣವೆಂದು ಕತ್ತರಿ ಹಾಕಿದೆ, ಕತ್ತರಿಯ ತುದಿ ಮುರಿಯಿತು. ನೀವೇ ಬಂದು ಕೀಳಿ.

ಒಲೆ ಭರ್ಜರಿಯಾಗಿ ಉರಿಯುತ್ತಿದೆ. ಹೊಗೆ ಎಂಬುದೇ ಇಲ್ಲ. ನಿಮ್ಮ ಮನೆ ಬೆಚ್ಚಗಿದೆ, ಅದೊಂದು ಚಿಂತೆ ಬಿಡಿ.

ಬಣ್ಣದವನು ಪುಣ್ಯವಂತ. ಎಲ್ಲರಿಗೂ ನಿಷೇಧ ಇರುವ ತೊಟ್ಟಿಲಲ್ಲಿ ಸವಾರಿ ಮಾಡಿಕೊಂಡು ರಜೆಗೆ ಮನೆ ಸೇರಿದ. ನೀವೂ ಮೇಸ್ತ್ರಿಯನ್ನು ಹಾಗೇ ಪುಸಲಾಯಿಸಬಾರದೇ? ಬಟಾಣಿ ಅಂತೂ ಅಪ್ಪ ತೊಟ್ಟಿಲಲ್ಲಿ ಬರ್ತಾರೆ ಎಂದು ಗಲ್ಲಿಯವರಿಗೆಲ್ಲ ಸಾರಿದ್ದಾನೆ.

ಇವತ್ತು ಇವರು ಮಾಡಿದ್ದು ಕೇಳಿ. ನಾನು ಯಂತ್ರದ ಮೇಲೇ ತಲೆ ಇಟ್ಟು ನಿದ್ದೆ ಹೋಗಿದ್ದೆ. ಎದ್ದು ನೋಡಿದರೆ ಇಬ್ಬರೂ ಇದ್ದಿಲ ಮೂಟೆಗೆ ಕೈ ಹಾಕಿ ಮುಖಕ್ಕೆಲ್ಲ ಮೀಸೆ, ಗಡ್ಡ ಬರೆದುಕೊಂಡು ನನ್ನ ಎದುರು ಕೂತಿದ್ದಾರೆ. ದೊಡ್ಡವನು ‘ನಾನು ಅಪ್ಪ’ ಅಂದ. ಬಟಾಣಿ ‘ನಾನೂ ಅಪ್ಪ’ ಅಂದ. ಮನೆ ತುಂಬ ಗಂಡಂದಿರು! ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಬಟಾಣಿ ಏಳಲು ಹೋದ, ಕಾಲು ಮಡಚಿಕೊಂಡು ಕೂತುಬಿಟ್ಟ. ಮತ್ತೆ ಎದ್ದ, ಮತ್ತೆ ಕೂತ. ನಾಟಕ ಅಂದುಕೊಂಡೆ. ಎತ್ತಿಕೊಂಡರೆ ಕೈಕಾಲು ಹತ್ತಿಯ ಹಾಗೆ ಮೆತ್ತಗೆ. ಮಲಗಿಸಿದೆ. ಬೆಚ್ಚಗಿರಲೆಂದು ಅವನ ಹಾಸಿಗೆಯನ್ನು ಕೋಣೆಯ ನಡುವೆ, ಕೆಂಡದ ಹತ್ತಿರಕ್ಕೇ ಎಳೆದಿದ್ದೇನೆ. ದೊಡ್ಡವನು ಮಾತ್ರ ತನ್ನ ಕಿಟಕಿ ಮೂಲೆ ಬಿಟ್ಟು ಬರುವುದಿಲ್ಲ.

ರೀ, ಬೇಗ ಬನ್ನಿ. ನನಗೆ ಯಾಕೋ ಈ ರಜೆ ಮುಗಿಯುತ್ತಲೇ ಇಲ್ಲ ಅನ್ನಿಸುತ್ತದೆ. ತಲೆ ಎತ್ತಲು ಆಗುತ್ತಿಲ್ಲ. ಅಕ್ಷರ ಸೊಟ್ಟಗಾಗಿದ್ದರೆ ಬೈಯಬೇಡಿ.

ನಿಮ್ಮವಳು

—

ಜನವರಿ 2
ಬೆಟ್ಟದಿಂದ

ಈ ಕಾಗದ ಓದುತ್ತಿರುವಾಗ ಮನೆಯೊಳಗೆ ಇದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸು. ಮಕ್ಕಳನ್ನು ಎತ್ತಿಕೊಂಡು ಹೊರಗೆ ಹೋಗು. ಆಮೇಲೆ ಓದು.

ಇದ್ದಿಲ ಮೂಟೆ ನಮ್ಮ ಮನೆಗೆ ಯಾವಾಗ ಬಂತು? ನಮ್ಮದು ಸೌದೆ ಒಲೆ. ಕೋಣೆಯ ನಡುವೆ ಕೆಂಡ ಎಲ್ಲಿಂದ ಬಂತು? ಕೊಳವೆ ಕಟ್ಟಿಕೊಂಡಿದೆ, ನೀನು ಬಾಣಲೆಯಲ್ಲಿ ಇದ್ದಿಲು ಉರಿಸುತ್ತಿದ್ದೀಯ, ನಾನು ಕೆಲಸ ಬಿಟ್ಟು ಓಡಿ ಬರುತ್ತೇನೆಂದು ನನಗೆ ಹೇಳಲಿಲ್ಲ. ಹೌದು ತಾನೇ? ಇದ್ದಿಲಿಗೆ ಹೊಗೆ ಇರುವುದಿಲ್ಲ. ಅದಕ್ಕೇ ಅದು ಕೊಲ್ಲುತ್ತದೆ. ಅದರ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಂತಿ, ಜೋಂಪು, ಕೆಂಪು ಕೆನ್ನೆ, ಎಲ್ಲ ಅದೇ. ನೀನು ಎಲ್ಲವನ್ನೂ ಬರೆದಿದ್ದೆ. ನಾನು ಓದಿ ಕನ್ನಡಕದ ವಿಷಯ ಯೋಚಿಸಿದೆ.

ನಾನೂ ನಿನಗೆ ಹೇಳಲಿಲ್ಲ. ಬಣ್ಣದವನು ಮನೆಗೆ ಹೋಗಲಿಲ್ಲ. ತೊಟ್ಟಿಲಲ್ಲಿ ಜೀವ ಇರುವವರನ್ನು ಇಳಿಸುವುದಿಲ್ಲ ಎಂದು ಮೊದಲ ಕಾಗದದಲ್ಲೇ ಬರೆದಿದ್ದೆನಲ್ಲ. ಅವನು ಬಾಣಲೆ ತುಂಬ ಕೆಂಡ ಇಟ್ಟುಕೊಂಡು ಮಲಗಿದ್ದ. ಬೆಳಿಗ್ಗೆ ಬಾಗಿಲು ಒಡೆದಾಗ ಕೆನ್ನೆ ಕೆಂಪಗಿತ್ತು, ಮಗುವಿನ ಹಾಗೆ. ಸಂದಿ ಮುಚ್ಚಿಕೊಟ್ಟವನು ನಾನು. ನೀನು ಒಬ್ಬಳೇ ಇದ್ದೀಯ, ಹೆದರುತ್ತೀಯ ಎಂದು ಬಾಯಿ ಮುಚ್ಚಿಕೊಂಡೆ. ನಮ್ಮಲ್ಲಿ ಕೊಳವೆ ಇದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕಾಗದ ಬಂದ ಕೂಡಲೇ ತೊಟ್ಟಿಲು ಹತ್ತಿದೆ. ಮೇಸ್ತ್ರಿ, ಇನ್ನೂ ನಾಲ್ಕು ಜನ ಸೇರಿ ಕಾಲರ್ ಹಿಡಿದು ಎಳೆದು ಹಾಕಿದರು. ಗಾಳಿಗೆ ಅದು ಹಗ್ಗದ ಮೇಲೆ ತೂರಾಡುತ್ತಿದೆ. ಗಾಳಿ ಸ್ವಲ್ಪ ನಿಂತ ಕೂಡಲೇ ಈ ಕಾಗದವನ್ನು ಇಳಿಸುತ್ತಾರೆ. ಇದರ ಜೊತೆ ಬೆಟ್ಟದ ಬುಡದಲ್ಲಿ ತೊಟ್ಟಿಲಿನ ಹಗ್ಗ ನೋಡಿಕೊಳ್ಳುವವನಿಗೆ ಒಂದು ಚೀಟಿ ಇಟ್ಟಿದ್ದೇನೆ. ಬೇಕರಿಯ ಫೋನ್ ನಂಬರು ಅದರಲ್ಲಿದೆ. ನಮ್ಮ ಮನೆಯ ಬಾಗಿಲು ಒಡೆಯಿರಿ ಎಂದು ಮಾತ್ರ ಹೇಳು ಎಂದು ಬರೆದಿದ್ದೇನೆ. ಬೇಕರಿ ತೆರೆದಿದೆಯೋ, ಅವರೂ ರಜೆಗೆ ಹೋಗಿದ್ದಾರೋ, ನನಗೆ ಗೊತ್ತಿಲ್ಲ.

ಕಿಟಕಿಗೆ ಕಲ್ಲು ಹೊಡೆ. ನಾನು ಮಾಡಿದ್ದು ಎಂದು ನೋಡಬೇಡ.

—

ಜನವರಿ 4
ಬೆಟ್ಟದಿಂದ

ತೊಟ್ಟಿಲು ನಿನ್ನೆ ಇಳಿಯಿತು. ಖಾಲಿ ವಾಪಸು ಬಂತು. ಚೀಟಿ ಮುಟ್ಟಿತೋ ಇಲ್ಲವೋ ಎಂದು ಹೇಳುವವರಿಲ್ಲ. ಕಾಲುದಾರಿ ತೋಡಲು ನಾನೂ ಸನಿಕೆ ಹಿಡಿದಿದ್ದೇನೆ.

ಒಂದು ಸಾಲು ಬರೆ. ಒಂದೇ ಸಾಲು ಸಾಕು. ಸೊಟ್ಟಗಿದ್ದರೂ ಆಯಿತು.

—

ಜನವರಿ 7
ಆಸ್ಪತ್ರೆಯಿಂದ

ರೀ,

ಮೂವರೂ ಇದ್ದೇವೆ. ಮೊದಲು ಅದನ್ನು ಓದಿಕೊಳ್ಳಿ. ಉಳಿದದ್ದು ನಿಧಾನ ಓದಿ.

ಮೂರನೇ ತಾರೀಖು ಬೆಳಿಗ್ಗೆ ಬೇಕರಿಯವರಿಗೆ ಫೋನು ಹೋಯಿತು. ಅವರು ಹಿಟ್ಟಿನ ಕೈಯಲ್ಲೇ ಓಡಿ ಬಂದು ಬಾಗಿಲು ಬಡಿದರು. ನಾನು ಕೇಳಲಿಲ್ಲ. ನನಗೆ ಏನೂ ಗೊತ್ತಿಲ್ಲ. ಬಟಾಣಿಗೂ ಗೊತ್ತಿಲ್ಲ. ಅವರು ಬಾಗಿಲು ಒಡೆಯಲು ಕಬ್ಬಿಣದ ಸಲಾಕೆ ತರುವಷ್ಟರಲ್ಲಿ ಒಳಗಿನಿಂದ ಚಿಲಕ ಸರಿಯಿತಂತೆ. ದೊಡ್ಡವನು ನೆಲದ ಮೇಲೆ ತೆವಳಿಕೊಂಡು ಬಂದು, ಕುರ್ಚಿ ಹಿಡಿದು ಎದ್ದು ತೆಗೆದಿದ್ದ. ತೆಗೆದವನೇ ಹೊಸ್ತಿಲ ಮೇಲೆ ಬಿದ್ದ.

ಇವನೊಬ್ಬನಿಗೆ ಹೇಗೆ ಎಚ್ಚರವಿತ್ತು ಎಂದು ಡಾಕ್ಟರು ಕೇಳಿದರು. ಎಲ್ಲಿಂದಲೋ ಒಳ್ಳೆಯ ಗಾಳಿ ಬಂದಿರಲೇಬೇಕು, ಅಷ್ಟೂ ಇಲ್ಲದಿದ್ದರೆ ಮೂವರೂ ಇರುತ್ತಿರಲಿಲ್ಲ ಅಂದರು. ನಮ್ಮ ಮನೆಗೆ ಗಾಳಿ ಬರುವುದಿಲ್ಲ ಎಂದು ನಾನು ಹೇಳಿದೆ. ಆಗ ದೊಡ್ಡವನು ಹಾಸಿಗೆಯಲ್ಲಿ ಮುಖ ಗೋಡೆಗೆ ತಿರುಗಿಸಿಕೊಂಡ. ಎಲ್ಲರೂ ಹೋದ ಮೇಲೆ ನನ್ನ ಸೆರಗು ಎಳೆದು ಹೇಳಿದ. ನಾನು ತುರುಕಿದ ಬಟ್ಟೆಯನ್ನು ಅದೇ ರಾತ್ರಿ ಕಿತ್ತು ದಾರ ಮತ್ತೆ ಪೋಣಿಸಿದ್ದನಂತೆ. ಹಗಲು ಚೆಂಡು ಅಡ್ಡ ಇಡುತ್ತಿದ್ದ, ಮಲಗುವಾಗ ತೆಗೆದು ಪೊಟ್ಟಣಕ್ಕೆ ಕಿವಿ ಕೊಟ್ಟು ತೂತಿಗೆ ಮೂಗು ತಾಗಿಸಿ ಮಲಗುತ್ತಿದ್ದ. ಪರೀಕ್ಷೆಯ ದಿನ ಅಂಗೈ ಅಡ್ಡ ಹಿಡಿದದ್ದು ನಿಮ್ಮ ಅನುಕರಣೆಯಲ್ಲ. ಜ್ವಾಲೆ ಅಲುಗದಿರಲೆಂದು. ಅದನ್ನೇ ನಾನು ಮೆಚ್ಚಿಕೊಂಡು ನಿಮಗೆ ಬರೆದೆ.

ನೀವು ಊಹಿಸಿದ್ದು ನಿಜ. ಮಾಡು ರಿಪೇರಿಯಾದ ದಿನವೇ ಕೊಳವೆ ಕಟ್ಟಿಕೊಂಡಿತು. ಓನರಮ್ಮ ಬೀಗ ಹಾಕಿಕೊಂಡು ಹೋಗಿದ್ದಳು. ಬೇಕರಿಯವರು ತಮ್ಮ ಒಲೆಯ ಇದ್ದಿಲನ್ನೇ ಒಂದು ಮೂಟೆ ಕೊಟ್ಟು ‘ಹೊಗೆನೇ ಬರೋಲ್ಲ ತಾಯಿ, ಮಕ್ಕಳು ಬೆಚ್ಚಗಿರಲಿ’ ಅಂದರು. ಈಗ ಅವರು ವಾರ್ಡಿನ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಒಳಗೆ ಬನ್ನಿ ಎಂದರೆ ಬರುವುದಿಲ್ಲ. ಅವರಿಗೆ ನಾನೇನು ಹೇಳಲಿ? ಭರ್ಜರಿಯಾಗಿ ಉರಿಯುತ್ತಿದೆ ಎಂದು ಬರೆದದ್ದು ಇದೇ ಕೈ. ನಿಮ್ಮ ಮೇಲೆ ನನಗೆ ಸಿಟ್ಟಿದೆ. ಬಣ್ಣದವನ ಸುದ್ದಿ ಒಂದು ಸಾಲು ಬರೆದಿದ್ದರೆ ಆ ಬಾಣಲೆಯನ್ನು ಅವತ್ತೇ ಬೀದಿಗೆ ಎಸೆಯುತ್ತಿದ್ದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ. ಎರಡನ್ನೂ ಎಲ್ಲಿಡಬೇಕೋ ಗೊತ್ತಾಗುತ್ತಿಲ್ಲ.

ಬಟಾಣಿ ಕಣ್ಣು ಬಿಟ್ಟಿದ್ದಾನೆ. ನನ್ನನ್ನು ನೋಡುತ್ತಾನೆ. ಅಮ್ಮ ಅನ್ನುವುದಿಲ್ಲ. ಬಲಗೈಗೆ ಚಮಚ ಕೊಟ್ಟರೆ ಬೆರಳು ಮಡಚುವುದಿಲ್ಲ, ಚಮಚ ಜಾರಿ ಬೀಳುತ್ತದೆ, ಅದು ಬಿದ್ದ ಕಡೆಯೇ ನೋಡುತ್ತಾನೆ. ಮಾತು ಬರುತ್ತದೆಯೇ ಎಂದು ಕೇಳಿದರೆ ಡಾಕ್ಟರು ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ. ಕಾಯಬೇಕಂತೆ. ಕೆಂಡದ ಹತ್ತಿರ ಅವನ ಹಾಸಿಗೆ ಎಳೆದವಳು ನಾನು. ಕೆನ್ನೆಯ ಕೆಂಪು ಈಗ ಇಳಿದಿದೆ. ಮೊದಲು ಹೇಗಿದ್ದನೋ ಹಾಗೇ ಬೆಳ್ಳಗಾಗಿದ್ದಾನೆ. ಹತ್ತಿರ ಬಗ್ಗಿ ನಾನು ಏನೇನೋ ಹಾಡುತ್ತಿರುತ್ತೇನೆ, ಒಂದೇ ಸಾಲು, ಮತ್ತೆ ಮತ್ತೆ.

ದೊಡ್ಡವನನ್ನು ನಿನ್ನೆ ಆಸ್ಪತ್ರೆಯಿಂದ ಕಳಿಸಿದರು. ಬೇಕರಿಯವರ ಮನೆಯಲ್ಲಿ ಮಲಗುತ್ತಾನೆ. ಅವರ ಹೆಂಡತಿ ಇವತ್ತು ಬಂದು ಹೇಳಿದಳು: ಮಲಗುವ ಮುಂಚೆ ಮೇಣದಬತ್ತಿ ಕೇಳಿ ತೆಗೆದುಕೊಂಡ, ಅವರ ಕಿಟಕಿಗಳ ಸುತ್ತ ಹಿಡಿದುಕೊಂಡು ನಿಂತ. ಒಂದು ಕಡೆ ಜ್ವಾಲೆ ಅಲುಗಿತು. ಹಾಸಿಗೆಯನ್ನು ಅಲ್ಲಿಗೇ ಎಳೆದುಕೊಂಡ. ಆದರೂ ಮಲಗಲಿಲ್ಲ, ಜ್ವಾಲೆ ಇನ್ನೂ ಅಲುಗುತ್ತಿದೆಯೇ ಎಂದು ಎದ್ದೆದ್ದು ನೋಡುತ್ತಿದ್ದನಂತೆ.

ಸಂಜೆ ಅವನು ಇಲ್ಲಿಗೆ ಬಂದಾಗ ನಾನು ನಿಮಗೆ ಈ ಕಾಗದ ಬರೆಯುತ್ತಿದ್ದೆ. ಪಕ್ಕ ಬಂದು ನಿಂತು, ‘ತೂತಿನ ವಿಷಯ ಅಪ್ಪನಿಗೆ ಬರೀತೀಯಾ?’ ಅಂದ. ಬರೆಯುತ್ತೇನೆ ಅಂದೆ. ‘ವಿಚಾರಣೆ ಇದೆ ಅಂದಿದ್ರಲ್ಲ’ ಅಂದ. ಅಪ್ಪ ಬಂದು ಆ ತೂತನ್ನು ತಮ್ಮ ಉಳಿಯಿಂದಲೇ ದೊಡ್ಡದು ಮಾಡುತ್ತಾರೆ, ನಿನ್ನನ್ನು ಹೊಡೆಯುವುದಿಲ್ಲ ಎಂದು ನಾನು ಹೇಳಿದೆ. ನಂಬಲಿಲ್ಲ. ಅವನ ಬೆನ್ನಿಗೆ ಹೊಡೆದವಳ ಮಾತನ್ನು ಯಾಕೆ ನಂಬುತ್ತಾನೆ?

ಹಿಮ ಸರಿಸಿ, ದಾರಿ ತೋಡಿ, ಹೇಗಾದರೂ ಇಳಿದು ಬನ್ನಿ. ಆ ಮಾತನ್ನು ನಿಮ್ಮ ಬಾಯಿಂದಲೇ ಕೇಳಬೇಕಂತೆ ಅವನಿಗೆ.

ನಿಮ್ಮವಳು